ಗಾಲಿ, ಗಾಳಿ

ಬೆಟಗೇರಿ ರೈಲ್ವೆ ಗೇಟಿನ ಈಚೆ ನನ್ನ ಅಂಗಡಿ,
ಟಪಾಲ ಪೆಟ್ಟಿಗಿಗಿಂತ ಚೂರು ದೊಡ್ಡದು.
ಮೂವತ್ತೊಂದು ವರ್ಷ ಗಾಲಿ ತಿದ್ದೀನಿ,
ಕಡ್ಡಿ ಬಿಗಿ ಮಾಡೀನಿ, ಸಡಿಲ ಮಾಡೀನಿ.
ಈ ವಾರ ಗಾಳಿ ಹೊಡಿಸೋ ನೆವದಾಗ ಬಂದವರೆಲ್ಲಾ
ಕೇಳಿದ್ದು ಒಂದ ಮಾತು:
‘ಮೌಲಾಸಾಬ್, ನಿನಗ ಗೊತ್ತಿತ್ತೇನು?’

ಹೋದ ವರ್ಷ ಇವರ,
ಅಂಬಾಸಾ ಹಳದಿ ಜೆರ್ಸಿ ಹಾಕ್ಕೊಂಡು ರೈಲು ಇಳಿದಾಗ
ಟಾಂಗಾಕೂಟದ ತನಕ ಹೆಗಲ ಮ್ಯಾಲೆ ಹೊತ್ತವರು.
ನೂರಾ ಅರವತ್ತು ಕಿಲೋಮೀಟರು ತುಳಿಯೋದಂದ್ರ ಏನಂತ
ಆಗ ಗೊತ್ತಿರಲಿಲ್ಲ ಇವರಿಗೆ;
ಈಗ ರಕ್ತದಾಗ ಏನೇನಿರತೈತಿ ಎಲ್ಲಾ ಬಲ್ಲವರು.
ಗಿರಮಿಟ್ ಗಾಡಿ ಮುಂದ ಒಬ್ಬಾವ ಅಂತಾನ: ‘ಅದು ಸೂಜಿ.’
ಇನ್ನೊಬ್ಬ: ‘ಸೂಜಿ ಅಲ್ಲೋ, ರಕ್ತಾನ ತಗದು
ಫ್ರಿಜ್ಜಿನಾಗ ಇಟ್ಟು ತಿರುಗಿ ಹಾಕತಾರ.’
ಮೂರನೇದಾವ ಮಿರ್ಚಿ ಮುರಿದು ಉಫ್ ಅಂತ ಊದಿ
‘ಎಲ್ಲಾರೂ ತಗೋತಾರ. ಇಂವ ಸಿಕ್ಕಾನ, ಅಷ್ಟ.’
ಸನ್ಮಾನದ ಫ್ಲೆಕ್ಸು ಈಗ ಆ ಗಾಡಿಯ ಸೂರು.
ಗದ್ದದಿಂದ ಮೀಸಿ ತನಕ ಅಂಬಾಸಾ,
ಮ್ಯಾಲೆ ಬರೇ ಎಣ್ಣಿ ಹೊಗಿ.

ನನಗ ಗೊತ್ತಿರೋದು ಚೈನು, ಫ್ರೀವ್ಹೀಲು, ಅಂತೀನಿ ನಾ.
ಅದು ಅರ್ಧ ಖರೆ.

ಉಳಿದರ್ಧ:
ಜನವರಿಯ ಒಂದು ಮುಂಜಾನೆ
ಸೀಟಿನ ಕೆಳಗಿನ ಚೀಲ ಬಿಚ್ಚಿದಾಗ, ಟ್ಯೂಬಿನ ಜೋಡಿ
ಬೆರಳುದ್ದದ ಒಂದು ಗಾಜಿನ ಶೀಸೆ. ತಣ್ಣಗಿತ್ತು.
ಅಂವ ಚಾ ತರಾಕ ಹೋಗಿದ್ದ.
ಚೀಲ ಮೊದಲಿನಂಗ ಕಟ್ಟಿದೆ, ಗಂಟು ಸೈತ ಅದ ಗಂಟು.
ಚಾ ಕುಡದ್ವಿ.
ಸಕ್ರಿ ಕಡಿಮಿ ಆಗೇತಿ ಅಂತ ಇಬ್ಬರೂ ಮಾತಾಡಿದ್ವಿ.

ಗಾಲಿ ಔಟಾದರ ನನಗ ತಿಳಿತೈತಿ.
ಸೈಕಲ್ಲು ತಲಿಕೆಳಗ ನಿಲ್ಲಿಸಿ ತಿರುವಿದರ
ರಿಮ್ಮು ರಬ್ಬರಿಗೆ ತಾಗೋ ಕಡೆ ಚಿಕ್ ಅಂತೈತಿ,
ಅಲ್ಲಿ ಸೀಮೆಸುಣ್ಣ ಹಚ್ಚಿ ಕಾಲು ಸುತ್ತು ಬಿಗಿ ಮಾಡತೀನಿ.
ಮನಿಷಾನ್ನ ತಿರುವಿ ನೋಡೋ ಸ್ಟ್ಯಾಂಡು
ಯಾವ ಪ್ಯಾಟ್ಯಾಗ ಸಿಗತೈತಿ?

ಅವರಪ್ಪ ಗಣಪತಸಾ ಮಗ್ಗ ಬಂದ್ ಮಾಡಿಲ್ಲ,
ರಾತ್ರಿ ಹನ್ನೊಂದರ ತನಕ ಸಪ್ಪಳ ಕೇಳತೈತಿ.
‘ಎರಡನೇ ಶೀಸೆ ಇನ್ನೂ ತಗಿಬೇಕಂತ,’ ಅಂದ ನನ್ನ ಮುಂದ,
ಲಾಟರಿ ಚೀಟಿ ಹಿಡದಾಂವ ನಂಬರು ಓದಿದಂಗ.
ಹೂಂ ಅಂದೆ.

ನಿನ್ನೆ ಸಂಜಿಮುಂದ ಹುಲಿಗೆವ್ವ ಬಂದಿದ್ಲು,
ಕ್ರೀಡಾ ಹಾಸ್ಟೆಲಿನ ಹುಡುಗಿ, ಒಂಬತ್ತನೇ ಇಯತ್ತೆ.
ಜಿಲ್ಲಾ ರೇಸಿನಾಗ ನಾಕು ನಿಮಿಷ ಮುಂದ ಬಂದಾಳ.
ಗೆರಿ ದಾಟಿ ಉಸಿರು ಹಿಡಿಯೋದರೊಳಗ ಯಾರೋ ಅಂದರಂತ:
‘ನೀ ಯಾವ ಸೂಜಿ ತಗೋತೀಯವಾ?’
ಎಲ್ಲಾರೂ ನಕ್ಕರಂತ.
ಅಕೀನೂ ನಕ್ಕಳಂತ.

ಗಾಲಿಗೂ ಗಾಳಿಗೂ ಒಂದ ಅಕ್ಷರದ ಅಂತರ.
ಗಾಲಿ ನಾ ತಿದ್ದಬಲ್ಲೆ.
ಗಾಳಿಮಾತಿಗೆ ಬ್ರೇಕಿಲ್ಲ, ಏರು ಇಲ್ಲ,
ಕಪ್ಪತಗುಡ್ಡದ ಫ್ಯಾನಿನಂಗ
ಯಾರೂ ತುಳಿಯದ ತಿರುಗತೈತಿ.

ಹಿಂದಿನ ಗಾಲಿ ಬಿಚ್ಚಾಕ ಕುಂತಾಗ ಕೇಳಿದಳು:
‘ಕಾಕಾ, ಅಂಬಾಸಾ ಅಣ್ಣ ಸಣ್ಣಾವಿದ್ದಾಗ
ಅವರಪ್ಪನ ಅಟ್ಲಾಸಿನ ಮ್ಯಾಲೆ ಒಳಪೆಡಲು ಹೊಡಕೊಂತ
ಡಂಬಳದ ತನಕ ಬಸ್ಸಿನ ಬೆನ್ನು ಹತ್ತಿದ್ದನಂತ. ಖರೇನ?’
‘ಖರೆ. ನಾ ಆ ಬಸ್ಸಿನಾಗಿದ್ದೆ.
ಇದಿರು ಗಾಳಿ. ಕಿಡಕ್ಯಾಗ ಅವನ ಟೊಪಿಗಿ ಅಷ್ಟ ಕಾಣತಿತ್ತು.’
ಅಕಿ ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಮತ್ತ ಯಾವ ಊರಿನ ಹತ್ತರ ಅದು ಸುಳ್ಳಾತು?’

ಗಾಲಿ ಕೈಯಾಗಿತ್ತು. ತಿರುವಿದೆ.
ಎಲ್ಲೂ ಚಿಕ್ ಅನ್ನಲಿಲ್ಲ.
ಆ ಚೀಲದ ಗಂಟು ನಾಲಿಗಿ ತುದಿ ತನಕ ಬಂತು.
‘ಗಾಳಿ ಎಷ್ಟು ಹಾಕಲಿ?’ ಅಂದೆ.
‘ನೂರಾ ಹತ್ತು,’ ಅಂದ್ಲು,
ಪಂಪಿನ ಮುಳ್ಳಿನ ಮ್ಯಾಲ ಕಣ್ಣಿಟ್ಟು.